ಮೈಕೋ ಪಂಪಿನ ಹಿಂದಿನ ಮನುಷ್ಯ: ರಾಬರ್ಟ್ ಬಾಷ್

ಕಳೆದ ರಜೆಯಲ್ಲಿ ಮಾಮಾನ ಹಳೇ ಡೀಸೆಲ್ ಪಿಕಪ್‌ನಲ್ಲಿ ಸೇಡಂ ರಸ್ತೆ ಮೇಲೆ ಬರ್ತಿದ್ವಿ. ಗಾಡಿ ನಿಂತಾಗೆಲ್ಲ ಐಡಲಿಂಗ್ ಏರೋದು, ಇಳಿಯೋದು, ಆಮೇಲೆ ಎಂಜಿನ್ ಬಂದ್. ಐಡಲ್ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಸಾಕು ಅಂತ ನನ್ನ ಲೆಕ್ಕ. ಮೆಕ್ಯಾನಿಕ್ ಸ್ಕ್ರೂ ಮುಟ್ಟಲೇ ಇಲ್ಲ. ಮೊದಲು ಫಿಲ್ಟರ್ ನೋಡಿದರು, ಆಮೇಲೆ ಡೀಸೆಲ್ ಪೈಪಿನ ಜಾಯಿಂಟ್. ಒಂದು ವಾಷರ್ ಹಾಳಾಗಿ ಗಾಳಿ ಒಳಗೆ ಹೋಗ್ತಿತ್ತು. ವಾಷರ್ ಬದಲಿಸಿ ಗಾಳಿ ತೆಗೆದ ಮೇಲೆ ಎಂಜಿನ್ ಒಂದೇ ಸಮ ನಿಂತಿತು. ಪಂಪ್ ತೋರಿಸಿ ಇದು ಮೈಕೋ ಪಂಪ್, ಚೊಲೋ ಇದೆ ಅಂದರು. ಮೈಕೋ ಅಂದರೆ ಬೆಂಗಳೂರಿನ ಆಡುಗೋಡಿಯ ಕಂಪನಿ, 1951ರಲ್ಲಿ ಶುರುವಾದದ್ದು, ಈಗಿನ ಬಾಷ್. ಆ ಹೆಸರಿನ ಮನುಷ್ಯ ಯಾರು ಅಂತ ಹುಡುಕಿದೆ.

ರಾಬರ್ಟ್ ಬಾಷ್ 1861ರಲ್ಲಿ ಜರ್ಮನಿಯ ಉಲ್ಮ್ ಹತ್ತಿರದ ಆಲ್ಬೆಕ್‌ನಲ್ಲಿ ಹುಟ್ಟಿದರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ಮೆಕ್ಯಾನಿಕ್ ಕೆಲಸ ಕಲಿತರು. ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಸ್ಟುಟ್‌ಗಾರ್ಟ್ ಕಾಲೇಜಿನಲ್ಲಿ ಕೂತದ್ದು ಒಂದು ಸೆಮಿಸ್ಟರ್ ಅಷ್ಟೇ. ಅಮೆರಿಕಕ್ಕೆ ಹೋಗಿ ಎಡಿಸನ್ ಕಂಪನಿಯಲ್ಲಿ ದುಡಿದು ಬಂದರು. 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸಣ್ಣ ವರ್ಕ್‌ಶಾಪ್ ತೆರೆದರು. ಮೊದಲ ವರ್ಷಗಳಲ್ಲಿ ದುಡ್ಡಿಗೆ ಬಹಳ ಕಷ್ಟ ಇತ್ತು. ಮರುವರ್ಷ ಒಬ್ಬ ಗಿರಾಕಿಗಾಗಿ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಮಾಡಿದರು. ಬೇರೆಯವರು ಮಾಡಿದ್ದನ್ನೇ ಸುಧಾರಿಸಿದ್ದು ಅದು. 1897ರಲ್ಲಿ ಅದು ವಾಹನಕ್ಕೆ ಬಂತು, ಬಾಷ್ ಹೆಸರು ಊರೂರಿಗೆ ಹೋಯಿತು.

1906ರಲ್ಲೇ ಕಾರ್ಮಿಕರಿಗೆ ಎಂಟು ಗಂಟೆ ದುಡಿಮೆ ತಂದರು. 1910ರಲ್ಲಿ ತಾವು ಒಂದೇ ಸೆಮಿಸ್ಟರ್ ಓದಿದ ಕಾಲೇಜಿಗೆ 10 ಲಕ್ಷ ಮಾರ್ಕ್ ಕೊಟ್ಟರು.

ಡೀಸೆಲ್ ಪಂಪ್ ಕೆಲಸ ಹಿಡಿದದ್ದು 1922ರಲ್ಲಿ, ಮಾರಾಟಕ್ಕೆ ಬಂದದ್ದು 1927ರಲ್ಲಿ. ಐದು ವರ್ಷ ಯಾಕೆ? ಐಡಲಿಂಗ್‌ನಲ್ಲಿ ಒಂದು ಸಲಕ್ಕೆ ಸಿಲಿಂಡರ್‌ಗೆ ಹೋಗೋ ಡೀಸೆಲ್ ಹನಿಗಿಂತ ಕಮ್ಮಿ. ಅಷ್ಟನ್ನೇ ಎಲ್ಲ ಸಿಲಿಂಡರ್‌ಗೂ ಸಮನಾಗಿ, ದೊಡ್ಡ ಒತ್ತಡದಲ್ಲಿ, ಸರಿಯಾದ ಕ್ಷಣಕ್ಕೆ ಕೊಡಬೇಕು. ವೇಗ ಇಳಿದರೆ ಗವರ್ನರ್ ಡೀಸೆಲ್ ಹೆಚ್ಚಿಸುತ್ತೆ, ಏರಿದರೆ ಕಡಿಮೆ ಮಾಡುತ್ತೆ. ನಡುವೆ ಗಾಳಿಗುಳ್ಳೆ ಬಂದರೆ ಅದರ ಲೆಕ್ಕ ತಪ್ಪುತ್ತೆ. ನಮ್ಮ ಪಿಕಪ್‌ಗೆ ಆದದ್ದೂ ಇದೇ.

ಅವರ ಕಥೆಯಲ್ಲಿ ಕಪ್ಪು ಭಾಗವೂ ಇದೆ. ಹಿಟ್ಲರ್ ವಿರೋಧಿಗಳಿಗೆ, ಯಹೂದಿಗಳಿಗೆ ಅವರು ಸಹಾಯ ಮಾಡಿದ್ದು ನಿಜ. ಅದೇ ಹೊತ್ತಿಗೆ ಅವರ ಕಂಪನಿ ಹಿಟ್ಲರ್ ಸೈನ್ಯಕ್ಕೆ ಸಾಮಾನು ಮಾಡಿತು, ಬಲವಂತವಾಗಿ ಕರೆತಂದವರನ್ನು ದುಡಿಸಿಕೊಂಡಿತು. ಎಂಟು ಗಂಟೆ ದುಡಿಮೆ ತಂದವರ ಫ್ಯಾಕ್ಟರಿಯಲ್ಲೇ ಹೀಗಾಯಿತು ಅನ್ನೋದು ನನಗೆ ಇನ್ನೂ ಅರಗಿಲ್ಲ. 1942ರ ಮಾರ್ಚ್ 12ರಂದು ಅವರು ತೀರಿಕೊಂಡರು. ಇಂದು ಕಂಪನಿಯ ಹೆಚ್ಚಿನ ಷೇರು ಸಮಾಜಸೇವೆಯ ಒಂದು ಫೌಂಡೇಶನ್ ಹತ್ತಿರ ಇವೆ.

ನಿಮ್ಮ ಮನೆ ಹಳೇ ಡೀಸೆಲ್ ಗಾಡಿ ಐಡಲಿಂಗ್‌ನಲ್ಲಿ ಏರಿಳಿತ ಆದರೆ ಸ್ಕ್ರೂ ಕಡೆಗೆ ಇಟ್ಟುಕೊಳ್ರಿ. ಮೊದಲು ಫಿಲ್ಟರ್, ಪೈಪ್, ವಾಷರ್ ನೋಡ್ರಿ.