ದಾದಾಸಾಹೇಬ ಫಾಲ್ಕೆ

ಮುಂಬಯಿಯ ಗಿರಗಾಂವ್ ಬಡಾವಣೆಯಲ್ಲಿ ಅಮೆರಿಕ ಇಂಡಿಯಾ ಪಿಕ್ಚರ್ ಪ್ಯಾಲೇಸ್ ಎಂಬ ಹೆಸರಿನ ಚಿತ್ರಪ್ರದರ್ಶನದ ಡೇರೆಯೊಂದಿತ್ತು. ೧೯೧೧ರ ಸುಮಾರಿನಲ್ಲಿ ಅಲ್ಲಿ ಏಸುಕ್ರಿಸ್ತನ ಜೀವನವನ್ನು ಕುರಿತ ಮೂಕಚಿತ್ರವೊಂದು ನಡೆಯುತ್ತಿತ್ತು. ನೋಡಲು ಬಂದವರಲ್ಲಿ ವಯಸ್ಸು ನಲವತ್ತನ್ನು ಮುಟ್ಟಿದ್ದ, ಕೈಯಲ್ಲಿ ಉದ್ಯೋಗವಿಲ್ಲದ ಗೃಹಸ್ಥರೊಬ್ಬರಿದ್ದರು. ಪರದೆಯ ಮೇಲೆ ಕ್ರಿಸ್ತನ ಕಥೆ ಸಾಗುತ್ತಿದ್ದಂತೆ ಅವರ ಮನಸ್ಸಿನಲ್ಲಿ ಗೋಕುಲವೂ ಅಯೋಧ್ಯೆಯೂ ಮೂಡತೊಡಗಿದವು. ನಮ್ಮ ರಾಮಕೃಷ್ಣರ ಕಥೆಗಳು ಹೀಗೆ ಪರದೆಯ ಮೇಲೆ ಬರಬಾರದೇಕೆ ಎಂಬ ವಿಚಾರ ಅವರನ್ನು ಹಿಡಿದುಕೊಂಡಿತು. ನೆರೆಯವರಿಂದ ಸಾಲ ತಂದು, ಪತ್ನಿಯನ್ನೂ ಕರೆದುಕೊಂಡು ಹೋಗಿ ಅದೇ ಚಿತ್ರವನ್ನು ಮತ್ತೊಮ್ಮೆ ನೋಡಿದರು. ಅವರೇ ಧುಂಡಿರಾಜ ಗೋವಿಂದ ಫಾಲ್ಕೆ. ಮುಂದೆ ದೇಶವೆಲ್ಲ ಅವರನ್ನು ದಾದಾಸಾಹೇಬ ಎಂದು ಕರೆಯಿತು.

ಫಾಲ್ಕೆಯವರು ೧೮೭೦ನೆಯ ಏಪ್ರಿಲ್ ೩೦ರಂದು ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ತಂದೆ ಸಂಸ್ಕೃತ ಪಂಡಿತರು. ಮನೆಯಲ್ಲಿ ಶಾಸ್ತ್ರ ಪುರಾಣಗಳ ವಾತಾವರಣವಿದ್ದರೂ ಬಾಲಕನ ಒಲವು ಚಿತ್ರ, ನಾಟಕ, ಇಂದ್ರಜಾಲಗಳ ಕಡೆಗಿತ್ತು. ತಂದೆಗೆ ಮುಂಬಯಿಯಲ್ಲಿ ಅಧ್ಯಾಪಕ ವೃತ್ತಿ ದೊರೆತಾಗ ಸಂಸಾರವೂ ಅಲ್ಲಿಗೆ ಬಂದಿತು. ೧೮೮೫ರಲ್ಲಿ ಫಾಲ್ಕೆಯವರು ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅನಂತರ ಬಡೋದೆಯ ಕಲಾಭವನದಲ್ಲಿ ಚಿತ್ರಕಲೆಯೊಂದಿಗೆ ಛಾಯಾಗ್ರಹಣ, ಮುದ್ರಣ, ಅಚ್ಚು ತೆಗೆಯುವ ಕೆಲಸ ಮೊದಲಾದವನ್ನು ಕಲಿತರು.

ಕಲಿತ ವಿದ್ಯೆ ಬಹಳವಾದರೂ ಜೀವನ ಒಂದು ನೆಲೆಗೆ ನಿಲ್ಲಲಿಲ್ಲ. ಗೋಧ್ರಾ ಪಟ್ಟಣದಲ್ಲಿ ಛಾಯಾಚಿತ್ರಗಾರರಾಗಿದ್ದಾಗ ಪ್ಲೇಗಿನ ಮಾರಿ ಹಬ್ಬಿ ಮೊದಲ ಪತ್ನಿಯೂ ಮಗುವೂ ತೀರಿಕೊಂಡರು. ಕೆಲಕಾಲ ಪ್ರಾಚ್ಯವಸ್ತು ಸಂಶೋಧನ ಇಲಾಖೆಯಲ್ಲಿ ಕೆಲಸ ಮಾಡಿದರು. ರಾಜಾ ರವಿವರ್ಮನ ಹೆಸರಿನ ಮುದ್ರಣಾಲಯಕ್ಕಾಗಿ ಕಲ್ಲಚ್ಚಿನ ಕೆಲಸವನ್ನೂ ಮಾಡಿಕೊಟ್ಟರು. ಕನ್ನಡನಾಡಿನ ಮನೆಗಳ ಗೋಡೆಗಳ ಮೇಲೆ ಇಂದಿಗೂ ಕಾಣಸಿಗುವ ಲಕ್ಷ್ಮಿ, ಸರಸ್ವತಿಯರ ಪಟಗಳು ಜನಸಾಮಾನ್ಯರ ಕೈಸೇರಿದ್ದು ಆ ಮುದ್ರಣಾಲಯದಿಂದಲೇ. ದೇವರ ಕಥೆಯನ್ನು ಕಣ್ಣಿಗೆ ಕಾಣಿಸುವ ರೀತಿಯನ್ನು ಫಾಲ್ಕೆಯವರು ಬಹುಶಃ ಅಲ್ಲಿಯೇ ಗ್ರಹಿಸಿದರು. ಮುಂದೆ ಸ್ವಂತ ಮುದ್ರಣಾಲಯವನ್ನು ಹೂಡಿ, ೧೯೦೯ರಲ್ಲಿ ಜರ್ಮನಿಗೆ ಹೋಗಿ ಬಣ್ಣದ ಮುದ್ರಣದ ಯಂತ್ರಗಳನ್ನು ತಂದರು. ಉದ್ಯಮವೇನೋ ಬೆಳೆಯಿತು, ಆದರೆ ಪಾಲುದಾರರೊಡನೆ ಮನಸ್ತಾಪ ಉಂಟಾಗಿ ಬರಿಗೈಯಲ್ಲಿ ಹೊರಬಂದರು. ಗಿರಗಾಂವಿನ ಡೇರೆಯೊಳಗೆ ಕುಳಿತಿದ್ದುದು ಇಂತಹ ಸ್ಥಿತಿಯಲ್ಲಿ.

ಅಂದಿನಿಂದ ಸಿನಿಮಾ ನೋಡುವುದು, ಮನೆಗೆ ಬಂದು ಅದರ ಮರ್ಮವನ್ನು ಶೋಧಿಸುವುದು, ಇವೆರಡೇ ಅವರ ದಿನಚರಿಯಾದವು. ನಿದ್ರೆಯಿಲ್ಲದ ಈ ಶ್ರಮದಿಂದ ಕಣ್ಣುಗಳಿಗೆ ಪೊರೆ ಬಂದು ದೃಷ್ಟಿಯೇ ಮಂಕಾಯಿತು. ಚಿತ್ರವನ್ನು ಕಾಣಿಸಬೇಕೆಂದು ಹೊರಟವನಿಗೆ ಕಣ್ಣೇ ಕಾಣದಂತಾದ ಆ ದಿನಗಳು ಹೇಗಿದ್ದಿರಬೇಕು! ವೈದ್ಯಮಿತ್ರರೊಬ್ಬರ ಚಿಕಿತ್ಸೆಯಿಂದ ದೃಷ್ಟಿ ಮರಳಿತು. ಕನ್ನಡಕಗಳ ನೆರವಿನಿಂದ ಫಾಲ್ಕೆಯವರು ಮತ್ತೆ ಅದೇ ಕೆಲಸಕ್ಕೆ ಕೈಹಾಕಿದರು. ಜೀವವಿಮೆಯ ಪತ್ರವನ್ನು ಒತ್ತೆಯಿಟ್ಟು ಹಣ ಹೊಂದಿಸಿಕೊಂಡು, ೧೯೧೨ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿ ಬಯಾಸ್ಕೋಪ್ ಎಂಬ ಪತ್ರಿಕೆಯ ಸಂಪಾದಕರು ಮೊದಲು ಅವರನ್ನು ಈ ಸಾಹಸದಿಂದ ಹಿಂದೆಗೆಯುವಂತೆ ಎಚ್ಚರಿಸಿದರೂ, ಅವರ ಹಟವನ್ನು ಕಂಡು ಸೆಸಿಲ್ ಹೆಪ್‌ವರ್ತ್ ಎಂಬ ನಿರ್ಮಾಪಕರ ಪರಿಚಯ ಮಾಡಿಸಿಕೊಟ್ಟರು. ಹೆಪ್‌ವರ್ತ್ ತಮ್ಮ ಸ್ಟುಡಿಯೋದ ಎಲ್ಲ ಭಾಗಗಳನ್ನೂ ತೋರಿಸಿ ಕೆಲಸವನ್ನು ವಿವರಿಸಿದರು. ವಿಲಿಯಮ್‌ಸನ್ ಕ್ಯಾಮೆರಾ ಒಂದನ್ನೂ, ಫಿಲ್ಮಿಗೆ ರಂಧ್ರ ಕೊರೆಯುವ ಯಂತ್ರವನ್ನೂ ಕೊಂಡು ಫಾಲ್ಕೆಯವರು ಏಪ್ರಿಲ್ ತಿಂಗಳಲ್ಲಿ ಮುಂಬಯಿಗೆ ಹಿಂದಿರುಗಿದರು.

ಯಂತ್ರ ಬಂದಿತು, ಬಂಡವಾಳ ಬರಲಿಲ್ಲ. ಕಾಣದ ಕಲೆಗೆ ಹಣ ಹೂಡುವವರು ಯಾರು? ಫಾಲ್ಕೆಯವರು ಒಂದು ಉಪಾಯ ಮಾಡಿದರು. ಕುಂಡವೊಂದರಲ್ಲಿ ಬಟಾಣಿ ಕಾಳನ್ನು ಬಿತ್ತಿ, ಅದರ ಮುಂದೆ ಕ್ಯಾಮೆರಾ ನಿಲ್ಲಿಸಿ, ಸುಮಾರು ಒಂದು ತಿಂಗಳ ಕಾಲ ಬಿಡಿಬಿಡಿಯಾಗಿ ಚಿತ್ರಗಳನ್ನು ತೆಗೆಯುತ್ತ ಹೋದರು. ಅವುಗಳನ್ನು ಒಟ್ಟಾಗಿ ಓಡಿಸಿದಾಗ ಕಾಳು ಮೊಳೆತು, ಎಲೆ ಚಿಗುರಿ, ಬಳ್ಳಿಯಾಗಿ ಹಬ್ಬುವುದು ಒಂದೆರಡು ನಿಮಿಷಗಳಲ್ಲಿಯೇ ಕಣ್ಣೆದುರು ನಡೆದುಹೋಯಿತು. ಈ ಕಿರುಚಿತ್ರವನ್ನು ನೋಡಿದ ಛಾಯಾಗ್ರಹಣ ಸಾಮಗ್ರಿಗಳ ವ್ಯಾಪಾರಿಯೊಬ್ಬರು ಸಾಲ ಕೊಡಲು ಒಪ್ಪಿದರು. ಒತ್ತೆಗೆ ಬಂದದ್ದು ಪತ್ನಿ ಸರಸ್ವತೀಬಾಯಿಯವರ ಒಡವೆಗಳು.

ಸರಸ್ವತೀಬಾಯಿಯವರ ಪಾಲು ಒಡವೆಗಳಿಗೇ ಮುಗಿಯಲಿಲ್ಲ. ಆಗ ವಿದೇಶದಿಂದ ಬರುತ್ತಿದ್ದ ಫಿಲ್ಮಿನ ಅಂಚಿನಲ್ಲಿ ರಂಧ್ರಗಳಿರುತ್ತಿರಲಿಲ್ಲ. ಬೆಳಕು ತಾಗಿದರೆ ಫಿಲ್ಮು ಕೆಟ್ಟುಹೋಗುವುದರಿಂದ ಆ ರಂಧ್ರಗಳನ್ನು ಕತ್ತಲೆಯಲ್ಲಿಯೇ, ಕೈಯ ಸ್ಪರ್ಶದಿಂದಲೇ ಕೊರೆಯಬೇಕಾಗಿತ್ತು. ಹಗಲೆಲ್ಲ ನಟರಿಗೂ ಕೆಲಸಗಾರರಿಗೂ ಅಡುಗೆ ಮಾಡಿ ಬಡಿಸಿದ ಆಕೆ ರಾತ್ರಿ ಈ ಕೆಲಸಕ್ಕೆ ಕುಳಿತುಕೊಳ್ಳುತ್ತಿದ್ದರು. ರಾಸಾಯನಿಕಗಳನ್ನು ಬೆರೆಸಿ ಫಿಲ್ಮನ್ನು ತೊಳೆಯುವುದನ್ನೂ ಕಲಿತರು. ಭಾರತೀಯ ಚಿತ್ರರಂಗದ ಮೊದಲ ತಂತ್ರಜ್ಞೆಯೆಂದು ಆಕೆಯನ್ನು ಕರೆದರೆ ತಪ್ಪಾಗಲಾರದು. ಆದರೂ ಆಕೆಯ ಹೆಸರು ಬಹುಕಾಲ ಪತಿಯ ಹೆಸರಿನ ನೆರಳಿನಲ್ಲಿಯೇ ಉಳಿಯಿತು.

ಫಾಲ್ಕೆಯವರು ಆರಿಸಿಕೊಂಡ ಕಥೆ ಸತ್ಯಹರಿಶ್ಚಂದ್ರನದು. ದಾದರಿನ ಮನೆಯೇ ಸ್ಟುಡಿಯೋ ಆಯಿತು. ದತ್ತಾತ್ರೇಯ ದಾಮೋದರ ದಾಬ್ಕೆ ಎಂಬ ನಟರು ಹರಿಶ್ಚಂದ್ರನಾದರು. ಫಾಲ್ಕೆಯವರ ಮಗ ಭಾಲಚಂದ್ರನೇ ರೋಹಿತನಾದ. ತಾರಾಮತಿಯ ಪಾತ್ರಕ್ಕೆ ಮಾತ್ರ ಯಾರೂ ದೊರೆಯಲಿಲ್ಲ. ಹೆಣ್ಣುಮಕ್ಕಳು ಕ್ಯಾಮೆರಾದ ಮುಂದೆ ನಿಲ್ಲುವುದೆಂದರೆ ಆ ಕಾಲದಲ್ಲಿ ಅಪಕೀರ್ತಿ. ಕೊನೆಗೆ ಗ್ರಾಂಟ್ ರಸ್ತೆಯ ಉಪಾಹಾರ ಗೃಹವೊಂದರಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಯುವಕ ಫಾಲ್ಕೆಯವರ ಕಣ್ಣಿಗೆ ಬಿದ್ದನು. ಕೋಮಲವಾದ ಮೈಕಟ್ಟು, ಉದ್ದನೆಯ ಬೆರಳುಗಳು. ಹೆಚ್ಚಿನ ಸಂಬಳಕ್ಕೆ ಒಪ್ಪಿ ಆತ ತಾರಾಮತಿಯಾದ. ಸ್ತ್ರೀವೇಷದ ಇತರರು ಮೀಸೆ ತೆಗೆಯಲು ಹಿಂದೆಮುಂದೆ ನೋಡಿದರು. ತಂದೆ ಸತ್ತಾಗಲ್ಲದೆ ಮೀಸೆ ಬೋಳಿಸುವುದು ಅಶುಭವೆಂಬ ನಂಬಿಕೆ ಜನರಲ್ಲಿತ್ತು. ಅವರನ್ನು ಒಪ್ಪಿಸುವುದಕ್ಕೂ ಫಾಲ್ಕೆಯವರು ಸಾಕಷ್ಟು ಮಾತು ಖರ್ಚು ಮಾಡಬೇಕಾಯಿತು. ಸಿನಿಮಾದಲ್ಲಿ ಕೆಲಸವೆಂದು ಹೇಳಿದರೆ ಮರ್ಯಾದೆ ಹೋಗುವುದೆಂದು, ಹರಿಶ್ಚಂದ್ರನ ಕಾರ್ಖಾನೆಯಲ್ಲಿ ದುಡಿಯುತ್ತಿರುವುದಾಗಿ ಹೇಳಿಕೊಳ್ಳುವಂತೆ ಎಲ್ಲರಿಗೂ ಹೇಳಿಕೊಟ್ಟಿದ್ದರು.

ಚಿತ್ರೀಕರಣದ ನಡುವೆ ಬಾಲಕ ಭಾಲಚಂದ್ರ ಬಂಡೆಯ ಮೇಲೆ ಬಿದ್ದು ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದನೆಂದೂ, ಮುಂಬಯಿಗೆ ಹಿಂದಿರುಗಿದರೆ ಕೆಲಸ ನಿಲ್ಲುವುದೆಂದು ಯೋಚಿಸಿದ ಫಾಲ್ಕೆಯವರು ಪ್ರಥಮ ಚಿಕಿತ್ಸೆ ಮಾಡಿ, ಮೃತ ರೋಹಿತನನ್ನು ಚಿತೆಯ ಮೇಲೆ ಮಲಗಿಸುವ ದೃಶ್ಯವನ್ನು ಆ ಸ್ಥಿತಿಯಲ್ಲಿಯೇ ತೆಗೆದರೆಂದೂ ಹೇಳುತ್ತಾರೆ. ಇದನ್ನು ಧೈರ್ಯವೆನ್ನಬೇಕೋ ಕಾಠಿಣ್ಯವೆನ್ನಬೇಕೋ ತಿಳಿಯದು. ಬಾಲಕನು ಚೇತರಿಸಿಕೊಂಡದ್ದು ಎಲ್ಲರ ಪುಣ್ಯ.

ಸುಮಾರು ಏಳು ತಿಂಗಳ ದುಡಿಮೆಯಲ್ಲಿ ೩,೭೦೦ ಅಡಿ ಉದ್ದದ ‘ರಾಜಾ ಹರಿಶ್ಚಂದ್ರ’ ಸಿದ್ಧವಾಯಿತು. ೧೯೧೩ರ ಮೇ ೩ರಂದು ಗಿರಗಾಂವಿನ ಕೊರೊನೇಷನ್ ಚಿತ್ರಮಂದಿರದಲ್ಲಿ ಅದು ಸಾರ್ವಜನಿಕರ ಮುಂದೆ ಬಂದಿತು. ಇದಕ್ಕೆ ಒಂದು ವರ್ಷ ಮೊದಲು ಅಲ್ಲಿಯೇ ‘ಪುಂಡಲೀಕ’ ಎಂಬ ಚಿತ್ರ ನಡೆದಿತ್ತು ನಿಜ. ಆದರೆ ಅದು ರಂಗದ ಮೇಲಿನ ನಾಟಕವನ್ನು ಇದ್ದಂತೆಯೇ ಹಿಡಿದ ಚಿತ್ರ. ಕ್ಯಾಮೆರಾ ನಡೆಸಿದವನೂ ವಿದೇಶೀಯ. ಆದ್ದರಿಂದ ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂಬ ಗೌರವ ಫಾಲ್ಕೆಯವರ ಕೃತಿಗೇ ಸಲ್ಲುತ್ತದೆ. ಸೂರತ್ತಿನಲ್ಲಿ ಮೊದಲ ದಿನ ಸಂಗ್ರಹವಾದ ಹಣ ಕೇವಲ ಮೂರು ರೂಪಾಯಿ. ರಾತ್ರಿಯೆಲ್ಲ ನಾಟಕ ನೋಡಿ ರೂಢಿಯಾಗಿದ್ದ ಜನ ಇಷ್ಟು ಚಿಕ್ಕ ಆಟಕ್ಕೆ ಕಾಸು ಬಿಚ್ಚಲಿಲ್ಲ. ಆಗ ಫಾಲ್ಕೆಯವರು ಮೂರಾಣೆಗೆ ೫೭,೦೦೦ ಚಿತ್ರಗಳು, ಎರಡು ಮೈಲಿ ಉದ್ದದ ಆಟ ಎಂದು ಸಾರಿಸಿದರು. ಅಡಿಗೆ ಹದಿನಾರರಂತೆ ಲೆಕ್ಕ ಹಾಕಿದರೆ ಚಿತ್ರಗಳ ಸಂಖ್ಯೆ ಹೆಚ್ಚುಕಡಮೆ ಸರಿಯೇ. ಉದ್ದ ಮಾತ್ರ ಒಂದು ಮೈಲಿಯೂ ಆಗದು. ಜನರು ಅಳೆದು ನೋಡಲಿಲ್ಲ, ಗುಂಪುಗುಂಪಾಗಿ ಬಂದರು.

ಅದೇ ವರ್ಷದ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಅಭಿನಯಿಸಿ, ಸ್ತ್ರೀಯರಿಗೆ ಮುಚ್ಚಿದ್ದ ಬಾಗಿಲನ್ನು ತೆರೆದರು. ೧೯೧೪ರಲ್ಲಿ ತಮ್ಮ ಚಿತ್ರಗಳನ್ನು ಲಂಡನ್ನಿನಲ್ಲಿ ತೋರಿಸಿದಾಗ ಅಲ್ಲಿಯೇ ನೆಲೆಸಿ ಚಿತ್ರ ತಯಾರಿಸುವ ಆಹ್ವಾನ ಬಂದಿತು. ಫಾಲ್ಕೆಯವರು ಅದನ್ನು ಒಲ್ಲೆನೆಂದು ಬಂದರು. ಮಹಾಯುದ್ಧ ಆರಂಭವಾಗಿ ಹಣದ ಮೂಲಗಳೆಲ್ಲ ಬತ್ತಿದವು. ೧೯೧೭ರ ‘ಲಂಕಾದಹನ’ ಮತ್ತೆ ಅದೃಷ್ಟ ತಂದಿತು. ಅದರಲ್ಲಿ ಸಾಳುಂಕೆಯೇ ರಾಮನೂ ಸೀತೆಯೂ ಆಗಿದ್ದ! ಪರದೆಯ ಮೇಲೆ ರಾಮನು ಕಾಣಿಸಿಕೊಂಡಾಗ ಪ್ರೇಕ್ಷಕರು ಪಾದರಕ್ಷೆಗಳನ್ನು ಕಳಚಿಡುತ್ತಿದ್ದರಂತೆ. ಮದರಾಸಿನಲ್ಲಿ ಸಂಗ್ರಹವಾದ ನಾಣ್ಯಗಳನ್ನು ಮೂಟೆಕಟ್ಟಿ, ಪೊಲೀಸರ ಕಾವಲಿನಲ್ಲಿ ಎತ್ತಿನ ಗಾಡಿಯಲ್ಲಿ ಸಾಗಿಸಿದರು.

೧೯೧೮ರಲ್ಲಿ ವರ್ತಕರೊಡನೆ ಸೇರಿ ಹಿಂದುಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪನಿಯನ್ನು ಸ್ಥಾಪಿಸಿದರು. ಮರುವರ್ಷದ ‘ಕಾಳೀಯಮರ್ದನ’ದಲ್ಲಿ ಮಗಳು ಮಂದಾಕಿನಿ ಬಾಲಕೃಷ್ಣನಾಗಿ ಮನಗೆದ್ದಳು. ಆದರೆ ಲೆಕ್ಕಪತ್ರದವರೊಡನೆ ಕಲೆಗಾರನಿಗೆ ಹೊಂದಾಣಿಕೆಯಾಗಲಿಲ್ಲ. ಹಟಮಾರಿತನ ಫಾಲ್ಕೆಯವರಲ್ಲಿಯೂ ಕಡಮೆಯಿರಲಿಲ್ಲ. ಎಲ್ಲವನ್ನೂ ಬಿಟ್ಟು ಕಾಶಿಗೆ ಹೋಗಿ ಅಲ್ಲಿ ‘ರಂಗಭೂಮಿ’ ಎಂಬ ನಾಟಕ ಬರೆದರು. ಕೆಲಕಾಲದ ಮೇಲೆ ಮರಳಿ ಕಂಪನಿಗೇ ಬಂದರು. ೧೯೩೧ರಲ್ಲಿ ‘ಆಲಂ ಆರಾ’ ತೆರೆಕಂಡು ಚಿತ್ರಗಳು ಮಾತನಾಡತೊಡಗಿದ ಮೇಲೆ ಮೂಕಚಿತ್ರದ ಮಾಂತ್ರಿಕನಿಗೆ ನೆಲೆ ತಪ್ಪಿತು. ೧೯೩೭ರಲ್ಲಿ ಕೊಲ್ಹಾಪುರದಲ್ಲಿ ತಯಾರಾದ ‘ಗಂಗಾವತರಣ’ವೇ ಅವರು ನಿರ್ದೇಶಿಸಿದ ಕೊನೆಯ ಚಿತ್ರ. ಆಗ ಅವರಿಗೆ ಅರವತ್ತೇಳು ವರ್ಷ.

ನಾಸಿಕದಲ್ಲಿ ಕಳೆದ ಕಡೆಯ ವರ್ಷಗಳಲ್ಲಿ ಅವರನ್ನು ನೆನೆದವರು ಕಡಮೆ. ೧೯೪೪ರ ಫೆಬ್ರವರಿ ೧೬ರಂದು ಅಲ್ಲಿಯೇ ನಿಧನರಾದರು. ೧೯೬೯ರಲ್ಲಿ ಭಾರತ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ಅದನ್ನು ಮೊದಲು ಪಡೆದವರು ಮುಂದೆ ಬೆಂಗಳೂರಿನ ಬಳಿ ಬಹುಕಾಲ ಬಾಳಿದ ದೇವಿಕಾರಾಣಿ. ಕನ್ನಡಿಗರಲ್ಲಿ ೧೯೯೫ರ ಪ್ರಶಸ್ತಿ ವರನಟ ಡಾ. ರಾಜಕುಮಾರ್ ಅವರಿಗೂ, ೨೦೦೮ರದು ಮೈಸೂರಿನಲ್ಲಿ ಜನಿಸಿದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೂ ಸಂದಿತು.

ಫಾಲ್ಕೆಯವರು ನಿರ್ಮಿಸಿದ ಸುಮಾರು ೯೫ ಕಥಾಚಿತ್ರಗಳಲ್ಲಿ ಇಂದು ಉಳಿದಿರುವುದು ಕೆಲವೇ ತುಣುಕುಗಳು. ಚಿತ್ರಗಳನ್ನು ಹೇಗೆ ತಯಾರಿಸುತ್ತಾರೆಂದು ಜನರಿಗೆ ತಿಳಿಸಲು ಅವರು ತೆಗೆದ ಕಿರುಚಿತ್ರದ ಭಾಗವೂ ಅವುಗಳಲ್ಲಿ ಸೇರಿದೆ. ಅದರಲ್ಲಿ ಫಾಲ್ಕೆಯವರನ್ನೇ ಕಾಣಬಹುದು. ಫಿಲ್ಮಿನ ಸುರುಳಿಯನ್ನು ಬೆಳಕಿಗೆ ಹಿಡಿದು, ಯಾರು ನೋಡುತ್ತಿರುವರೆಂಬ ಗಮನವೂ ಇಲ್ಲದೆ, ಅವರು ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ.