ಜನ್ನ

ಜನ್ನ ೧೨–೧೩ನೆಯ ಶತಮಾನಗಳಲ್ಲಿ ಹೊಯ್ಸಳರ ಆಶ್ರಯದಲ್ಲಿದ್ದ ಜೈನ ಕವಿ. ಯಶೋಧರ ಚರಿತೆ ಮತ್ತು ಅನಂತನಾಥ ಪುರಾಣ ಇವನ ಮುಖ್ಯ ಕೃತಿಗಳು. ನಿಷಿದ್ಧ ಪ್ರೇಮ ಮತ್ತು ಪಾಪಪ್ರಜ್ಞೆಗಳ ಚಿತ್ರಣಕ್ಕೆ ಇವನ ಕಾವ್ಯ ಹೆಸರಾಗಿದೆ.

ಜೀವನ

ಜನ್ನನ ತಂದೆ ಶಂಕರ, ತಾಯಿ ಗಂಗಾದೇವಿ. ಸುಮನೋಬಾಣನೆಂಬ ಬಿರುದಿದ್ದ ಶಂಕರ ಹೊಯ್ಸಳ ನರಸಿಂಹನಲ್ಲಿ ಕಟಕೋಪಾಧ್ಯಾಯನಾಗಿದ್ದ. ಸೂಕ್ತಿಸುಧಾರ್ಣವದ ಸಂಕಲನಕಾರ ಮಲ್ಲಿಕಾರ್ಜುನ ಜನ್ನನ ಸೋದರಿಯ ಗಂಡ. ಶಬ್ದಮಣಿದರ್ಪಣದ ಕರ್ತೃ ಕೇಶಿರಾಜ ಸೋದರಳಿಯ. ಇಮ್ಮಡಿ ವೀರಬಲ್ಲಾಳ ಜನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದನ್ನು ನೀಡಿದನು. ಪೊನ್ನ, ರನ್ನರಿಗೂ ಇದೇ ಬಿರುದಿತ್ತು. ಬಲ್ಲಾಳನ ಮಗ ಇಮ್ಮಡಿ ನರಸಿಂಹನ ಕಾಲದಲ್ಲಿಯೂ ಜನ್ನ ಆಸ್ಥಾನದಲ್ಲಿದ್ದನು.

ಯಶೋಧರ ಚರಿತೆ

೧೨೦೯ರಲ್ಲಿ ರಚಿತವಾದ ಈ ಕಾವ್ಯ ನಾಲ್ಕು ಅವತಾರಗಳಲ್ಲಿದ್ದು, ಬಹುಪಾಲು ಕಂದಪದ್ಯಗಳಿಂದ ಕೂಡಿದೆ. ವಾದಿರಾಜನ ಸಂಸ್ಕೃತ ಕಾವ್ಯ ಇದಕ್ಕೆ ಆಕರ. ಉಜ್ಜಯಿನಿಯ ರಾಣಿ ಅಮೃತಮತಿ ರಾತ್ರಿಯಲ್ಲಿ ಕೇಳಿಬಂದ ಹಾಡಿಗೆ ಮನಸೋತು, ಹಾಡಿದವನು ಕುರೂಪಿಯಾದ ಮಾವುತ ಅಷ್ಟಾವಂಕನೆಂದು ತಿಳಿದ ಮೇಲೂ ಅವನನ್ನೇ ಬಯಸುತ್ತಾಳೆ. ದೊರೆ ಯಶೋಧರ ಅವರನ್ನು ಕಂಡು ಕತ್ತಿ ಎತ್ತಿದರೂ ತನ್ನನ್ನು ತಡೆದುಕೊಳ್ಳುತ್ತಾನೆ. ನಿಜವನ್ನು ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ತಾಯಿ ಚಂದ್ರಮತಿಗೆ ತಿಳಿಸುತ್ತಾನೆ. ದೋಷಪರಿಹಾರಕ್ಕೆ ಪ್ರಾಣಿಬಲಿಯಾಗಬೇಕೆಂದು ಅವಳು ಹೇಳಲು, ಮಗ ಒಪ್ಪದಿದ್ದುದರಿಂದ ಹಿಟ್ಟಿನ ಹುಂಜ ಸಿದ್ಧವಾಗುತ್ತದೆ. ಕತ್ತರಿಸಿದಾಗ ಹುಂಜ ಕೂಗುತ್ತದೆ. ಕೊಂದೆನೆಂಬ ಅಳಲಿನಿಂದ ಯಶೋಧರ ರಾಜ್ಯತ್ಯಾಗಕ್ಕೆ ಮನಮಾಡುವಷ್ಟರಲ್ಲಿ ಅಮೃತಮತಿ ವಿಷವಿಕ್ಕಿ ತಾಯಿ ಮಗ ಇಬ್ಬರನ್ನೂ ಕೊಲ್ಲುತ್ತಾಳೆ.

ಕೃತಿಯ ತಿರುಳು ಇರುವುದು ಇದರ ಮುಂದೆ. ಪ್ರೇಮಕ್ಕಾಗಿ ಕೊಲೆಗೈದವಳು ನರಕಕ್ಕೆ ಹೋದರೆ, ಹಿಟ್ಟಿನ ಬೊಂಬೆಯನ್ನು ಕಡಿದವರೂ ಪಾರಾಗುವುದಿಲ್ಲ. ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ನವಿಲು ಮತ್ತು ನಾಯಿಯಿಂದ ತೊಡಗಿ ಕೋಳಿಗಳವರೆಗೆ ಹಲವು ಜನ್ಮಗಳಲ್ಲಿ ನವೆಯುತ್ತಾರೆ. ಕೊನೆಗೆ ಯಶೋಧರನ ಮಗನಾದ ಯಶೋಮತಿಯ ಮಕ್ಕಳು ಅಭಯರುಚಿ, ಅಭಯಮತಿಯರಾಗಿ ಜನಿಸುತ್ತಾರೆ. ಚಂಡಮಾರಿಗೆ ನರಬಲಿಯಾಗಲು ಬಂದ ಅವರ ಕಥೆಯನ್ನು ಕೇಳಿ ದೊರೆ ಮಾರಿದತ್ತ ಹಿಂಸೆಯನ್ನು ತೊರೆಯುತ್ತಾನೆ.

ಅನಂತನಾಥ ಪುರಾಣ

೧೨೩೦ರಲ್ಲಿ ರಚಿತವಾದ ಈ ಚಂಪೂಕಾವ್ಯ ಹದಿನಾಲ್ಕನೆಯ ತೀರ್ಥಂಕರನ ಚರಿತ್ರೆ. ಇದರಲ್ಲಿನ ಚಂಡಶಾಸನನ ಉಪಕಥೆ ವಿಶೇಷವಾಗಿ ಜನಪ್ರಿಯ. ಗೆಳೆಯ ವಸುಷೇಣನ ಅತಿಥಿಯಾಗಿ ಬಂದ ಚಂಡಶಾಸನ ಅವನ ಪತ್ನಿ ಸುನಂದೆಯನ್ನು ಮೋಹಿಸಿ ಅಪಹರಿಸುತ್ತಾನೆ. ಒಲಿಯದ ಅವಳಿಗೆ ಗಂಡನ ಮಾಯಾಶಿರವನ್ನು ತೋರಿಸಲು, ಅವಳು ದುಃಖದಿಂದ ಪ್ರಾಣಬಿಡುತ್ತಾಳೆ. ಚಂಡಶಾಸನ ಅವಳ ಚಿತೆಯನ್ನೇರುತ್ತಾನೆ. ಅಮೃತಮತಿಯದು ಇಬ್ಬರೂ ಒಪ್ಪಿದ ಪ್ರೇಮ, ಇದು ಒಬ್ಬನ ಹಟ. ಎರಡರಲ್ಲಿಯೂ ಅಪರಾಧವಿಲ್ಲದವರು ಬೆಲೆ ತೆರುತ್ತಾರೆ.

ಪ್ರಭಾವ

ಯಶೋಧರನ ಕಥೆ ಜೈನರ ಜೀವದಯಾಷ್ಟಮಿಯ ನೋಂಪಿಯೊಂದಿಗೆ ಸಂಬಂಧ ಹೊಂದಿದೆ. ಆಧುನಿಕ ರಂಗಭೂಮಿಗೆ ಇದನ್ನು ತಂದದ್ದು ಗಿರೀಶ ಕಾರ್ನಾಡರ ಹಿಟ್ಟಿನ ಹುಂಜ ನಾಟಕ. ಮನಸ್ಸಿನಲ್ಲಿ ಮಾಡಿದ ಹಿಂಸೆಯೂ ಹಿಂಸೆಯೇ ಎಂಬ ಜನ್ನನ ಪ್ರಶ್ನೆ ಅಲ್ಲಿ ದಾಂಪತ್ಯದ ಬಿಕ್ಕಟ್ಟಾಗಿ ಮರುಹುಟ್ಟು ಪಡೆದಿದೆ.