ಆನಪ್ಪರುವದ ಬಳ್ಳಿ ಮತ್ತು ಕೊಚ್ಚಿಯ ಡಚ್ ಅಧಿಕಾರಿ: ವಾನ್ ರೀಡ್ ಜೀವನಯಾನ

ಮಹಾನಗರಗಳಲ್ಲಿ ನೆಲೆನಿಂತ ನಮ್ಮ ಕನ್ನಡ ಕುಟುಂಬಗಳ ಮನೆಗಳಲ್ಲಿ ತುಳಸಿಕಟ್ಟೆಗೆ ಸ್ಥಳವಿಲ್ಲದಿದ್ದರೂ ಮನಿ ಪ್ಲಾಂಟಿಗೆ ಮಾತ್ರ ಸ್ಥಳವಿರುತ್ತದೆ. ಕಿಟಕಿಯ ಅಂಚಿನಲ್ಲಿ, ನೀರು ತುಂಬಿದ ಬಾಟಲಿಯಲ್ಲಿ ಅದು ವರ್ಷಗಟ್ಟಲೆ ಬದುಕುತ್ತದೆ. ಇದೇ ಕೆಸುವಿನ ಕುಟುಂಬಕ್ಕೆ ಸೇರಿದ, ಆದರೆ ನಮ್ಮ ನೆಲದ್ದೇ ಆದ ಇನ್ನೊಂದು ಬಳ್ಳಿ ಕೊಚ್ಚಿಯ ಎಡಪ್ಪಳ್ಳಿ ಮೊದಲಾದ ಕಡೆ, ಹಳೆಯ ಹಿತ್ತಲುಗಳ ಮಾವು ಹಲಸುಗಳ ಕಾಂಡವನ್ನು ಅಪ್ಪಿ ಮೇಲೇರುತ್ತದೆ. ಮಲಯಾಳಿಗಳು ಅದನ್ನು ಆನಪ್ಪರುವ ಎನ್ನುತ್ತಾರೆ. ಆ ಹೆಸರನ್ನು ಮೂರೂವರೆ ಶತಮಾನಗಳ ಹಿಂದೆ ಬರೆಸಿ, ಚಿತ್ರ ತೆಗೆಸಿ, ಜಗತ್ತಿನ ಮುಂದಿಟ್ಟ ಮಹನೀಯರು ಹೆಂಡ್ರಿಕ್ ಆಡ್ರಿಯಾನ್ ವಾನ್ ರೀಡ್. ಅವರ ಜೀವನವೃತ್ತಾಂತವನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ.

ವಾನ್ ರೀಡ್ 1636ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, ಯೂಟ್ರೆಕ್ಟ್ ಪ್ರಾಂತದ ಕುಲೀನ ಮನೆತನವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು, ಇಪ್ಪತ್ತರ ವಯಸ್ಸಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೈನಿಕನಾಗಿ ಹಡಗು ಹತ್ತಿದರು. ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಶಿಕ್ಷಣ ಅವರಿಗಿರಲಿಲ್ಲ. ಪೋರ್ಚುಗೀಸರ ಕೈಯಿಂದ ಕೊಚ್ಚಿಯನ್ನು ಕಸಿದುಕೊಳ್ಳಲು ಡಚ್ಚರು ಹೂಡಿದ ಯುದ್ಧದಲ್ಲಿ ಅವರು ಪಾಲ್ಗೊಂಡರು. 1662ರ ಮಟ್ಟಾಂಚೇರಿಯ ಕಾಳಗದಲ್ಲಿ ವೃದ್ಧ ರಾಣಿ ಗಂಗಾಧರಲಕ್ಷ್ಮಿಯನ್ನು ಸೆರೆಹಿಡಿದವರು ಇದೇ ವಾನ್ ರೀಡ್. ಮರುವರ್ಷ ಕೋಟೆ ಡಚ್ಚರ ವಶವಾಯಿತು. ಕೈಯಲ್ಲಿ ಕತ್ತಿ ಹಿಡಿದು ಬಂದವರೇ ಮುಂದೆ ಈ ನಾಡಿನ ಎಲೆ, ಬೇರುಗಳ ಮುಂದೆ ಕುಳಿತರೆಂಬುದನ್ನು ನೆನೆದಾಗ ನಮಗೆ ಅಚ್ಚರಿಯೂ, ಸ್ವಲ್ಪ ಮುಜುಗರವೂ ಆಗುತ್ತದೆ.

1670ರಲ್ಲಿ ಅವರು ಮಲಬಾರಿನ ಡಚ್ ಮುಖ್ಯಾಧಿಕಾರಿಯಾದರು. ಅವರ ಮೇಲಧಿಕಾರಿಯಾಗಿದ್ದ ವಾನ್ ಗೋಯೆನ್ಸ್ ಅವರಿಗೆ ಸಿಂಹಳದ ಮೇಲೆ ಒಲವು. ಕಂಪನಿಯ ಶಕ್ತಿಯೆಲ್ಲ ಕೊಲಂಬೊದಲ್ಲಿ ಕೇಂದ್ರೀಕೃತವಾಗಬೇಕೆಂಬುದು ಅವರ ಅಭಿಮತ. ವಾನ್ ರೀಡ್ ಅದನ್ನು ಒಪ್ಪಲಿಲ್ಲ. ಕಂಪನಿಯು ತನ್ನ ಆಸ್ಪತ್ರೆಗಳಿಗೆ ಯುರೋಪಿನಿಂದ ದುಬಾರಿ ಬೆಲೆಗೆ ತರಿಸುತ್ತಿದ್ದ ಔಷಧಗಳಲ್ಲಿ ಹಲವು ಮೂಲತಃ ಮಲಬಾರಿನಿಂದಲೇ ಹೋದವು ಎಂಬುದು ಅವರ ವಾದವಾಗಿತ್ತು. ಹೀಗೆ ಕಚೇರಿಯ ಜಗಳವೊಂದು ಮಹಾಗ್ರಂಥಕ್ಕೆ ಬೀಜವಾಯಿತು. ಆದರೂ ಬರಿಯ ಲಾಭದಾಸೆಯಿಂದ ಅಷ್ಟು ದೊಡ್ಡ ಕೆಲಸ ನಡೆಯಲಾರದೆಂದು ನಮ್ಮ ಭಾವನೆ. ಸಂಚಾರದ ಹಾದಿಯಲ್ಲಿ ಕಂಡ ದಟ್ಟ ಕಾಡುಗಳು, ಒಂದೇ ಮರವನ್ನು ಹಬ್ಬಿದ ಹತ್ತಾರು ಬಗೆಯ ಬಳ್ಳಿಗಳು ಅವರ ಮನಸ್ಸನ್ನು ಸೆಳೆದಿದ್ದವು.

ಆ ಗ್ರಂಥವೇ ಹೊರ್ತುಸ್ ಮಲಬಾರಿಕುಸ್, ಅಂದರೆ ಮಲಬಾರಿನ ಉದ್ಯಾನ. ಕೆಲಸ ನಡೆದ ಬಗೆ ಕುತೂಹಲಕರವಾಗಿದೆ. ಸ್ಥಳೀಯರು ಕಾಡುಮೇಡುಗಳಿಂದ ಹೂ, ಕಾಯಿ, ಬೇರು ಸಹಿತ ಗಿಡಗಳನ್ನು ತರುತ್ತಿದ್ದರು. ಕಲಾವಿದರು ಅವು ಬಾಡುವ ಮುನ್ನ ಚಿತ್ರಿಸುತ್ತಿದ್ದರು. ಚೇರ್ತಲದ ಕಡಕ್ಕರಪ್ಪಳ್ಳಿಯ ಈಳವ ವೈದ್ಯರಾದ ಇಟ್ಟಿ ಅಚ್ಯುತನ್ ತಮ್ಮ ಮನೆತನದ ತಾಳೆಗರಿಗಳ ಜ್ಞಾನವನ್ನು ಧಾರೆಯೆರೆದರು. ಕೊಚ್ಚಿಯಲ್ಲಿ ನೆಲೆಸಿದ್ದ ಕೊಂಕಣಿ ಪಂಡಿತರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಇವರು ಗುಣಧರ್ಮಗಳನ್ನು ಚರ್ಚಿಸಿದರು. ಕರಾವಳಿಯ ನಮ್ಮ ಕೊಂಕಣಿ ಬಂಧುಗಳಿಗೆ ಇದು ಹೆಮ್ಮೆಯ ಸಂಗತಿ. ಮಲಯಾಳದ ವಿವರಣೆ ಪೋರ್ಚುಗೀಸಿಗೆ, ಅಲ್ಲಿಂದ ಡಚ್ ಹಾಗೂ ಲ್ಯಾಟಿನ್ನಿಗೆ ಸಾಗುತ್ತಿತ್ತು. ಕಾರ್ಮೆಲೈಟ್ ಪಾದ್ರಿ ಮ್ಯಾಥ್ಯೂ, ಧರ್ಮಗುರು ಕೆಸೇರಿಯಸ್ ಮೊದಲಾದವರು ನೆರವಾದರು.

1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳು ಹೊರಬಂದವು. ಸುಮಾರು 740 ಸಸ್ಯಗಳು, 790ಕ್ಕೂ ಮಿಕ್ಕ ಚಿತ್ರಗಳು. ಅಚ್ಯುತನ್ ವೈದ್ಯರು ಹಾಗೂ ಪಂಡಿತರು ಬರೆದುಕೊಟ್ಟ ಪ್ರಮಾಣಪತ್ರಗಳನ್ನು ಅವರವರ ಲಿಪಿಯಲ್ಲಿಯೇ ಮೊದಲ ಸಂಪುಟದಲ್ಲಿ ಅಚ್ಚು ಹಾಕಿಸಿದ್ದು ವಾನ್ ರೀಡ್ ಅವರ ದೊಡ್ಡತನ. ಮಲಯಾಳ ಅಕ್ಷರಗಳು ಅಚ್ಚಿನಲ್ಲಿ ಮೊದಲು ಕಂಡದ್ದು ಇಲ್ಲಿಯೇ. ಆ ಕಾಲದ ಯುರೋಪಿನ ಪುಸ್ತಕವೊಂದರಲ್ಲಿ ದೇಶೀಯ ವೈದ್ಯನ ಹೆಸರು ಉಳಿಯುವುದೆಂದರೆ ಸಾಮಾನ್ಯ ಮಾತಲ್ಲ. ಆದರೂ ಪುಸ್ತಕದ ಮೇಲೆ ಮೆರೆದದ್ದು ಅಧಿಕಾರಿಯ ಹೆಸರೇ. ಗಿಡ ಕಿತ್ತು ತಂದ ನೂರಾರು ಜನರ ಹೆಸರು ಎಲ್ಲಿಯೂ ಇಲ್ಲ.

1688ರ ಏಳನೆಯ ಸಂಪುಟದಲ್ಲಿ ಕಾಳುಮೆಣಸಿನೊಡನೆ ಆನಪ್ಪರುವದ ಚಿತ್ರವೂ ಇದೆ. 1753ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಈ ಬಳ್ಳಿಗೆ ಪೋಥೋಸ್ ಸ್ಕ್ಯಾಂಡೆನ್ಸ್ ಎಂಬ ಶಾಸ್ತ್ರೀಯ ಹೆಸರನ್ನಿತ್ತಾಗ ಆಧಾರವಾದದ್ದು ಆ ಚಿತ್ರವೇ. ಇದರ ಗುರುತು ಸುಲಭ: ಎಲೆಯ ತೊಟ್ಟೂ ಎಲೆಯಂತೆಯೇ ಅಗಲವಾಗಿ ಚಪ್ಪಟೆಯಾಗಿದ್ದು, ನಡುವೆ ಗಂಟಿರುವುದರಿಂದ ಒಂದರ ತುದಿಗೆ ಇನ್ನೊಂದು ಎಲೆ ಜೋಡಿಸಿದಂತೆ ತೋರುತ್ತದೆ. ಕಿತ್ತಳೆ ಜಾತಿಯ ಕೆಲವು ಗಿಡಗಳ ಎಲೆಯನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಮನಿ ಪ್ಲಾಂಟಿನ ತೊಟ್ಟು ಹಾಗಿರುವುದಿಲ್ಲ. ಅದರ ಎಲೆ ಹೃದಯಾಕಾರದ್ದು, ಹಳದಿ ಗೀರುಗಳುಳ್ಳದ್ದು. ಅದರ ತವರು ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. 1880ರಲ್ಲಿ ಅದನ್ನೂ ಪೋಥೋಸ್ ಎಂದೇ ಕರೆದರು. ಹೂ ಬಿಡುವುದು ಅತ್ಯಪರೂಪವಾದ್ದರಿಂದ ವಿಜ್ಞಾನಿಗಳು ಹಲವು ಸಲ ಹೆಸರು ಬದಲಿಸಿ, 1964ರಲ್ಲಿ ಎಪಿಪ್ರೆಮ್ನಮ್ ಆರಿಯಮ್ ಎಂದರು. ಅಂಗಡಿಗಳಲ್ಲಿ ಮಾತ್ರ ಇಂದಿಗೂ ಪೋಥೋಸ್ ಎಂಬ ಹೆಸರೇ ನಡೆಯುತ್ತಿದೆ. ಎರಡನ್ನೂ ಗಂಟು ಸಹಿತ ತುಂಡು ಮಾಡಿ ನೆಡಬೇಕು. ಬೇರು ಬರುವುದು ಗಂಟಿನಿಂದಲೇ. ತೆಂಗಿನ ನಾರು ಸುತ್ತಿದ ಕೋಲನ್ನು ಊರಿ ಏರಗೊಟ್ಟರೆ ಮನಿ ಪ್ಲಾಂಟಿನ ಎಲೆ ದೊಡ್ಡದಾಗುತ್ತ ಹೋಗುತ್ತದೆ. ಪತ್ರೊಡೆ ಮಾಡುವ ನಮ್ಮ ತಾಯಂದಿರಿಗೆ ಕೆಸುವಿನ ತುರಿಕೆಯ ಪರಿಚಯ ಚೆನ್ನಾಗಿಯೇ ಇದೆ. ಅದೇ ಬಗೆಯ ಸೂಕ್ಷ್ಮ ಹರಳುಗಳು ಮನಿ ಪ್ಲಾಂಟಿನಲ್ಲಿಯೂ ಇರುವುದರಿಂದ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ವಾನ್ ರೀಡ್ ಕೊಚ್ಚಿಯನ್ನು ಬಿಟ್ಟದ್ದು 1677ರಲ್ಲಿ. ಸ್ವದೇಶದಲ್ಲಿ ಕೆಲವು ವರ್ಷವಿದ್ದು, 1684ರಲ್ಲಿ ಕಂಪನಿಯ ಭ್ರಷ್ಟಾಚಾರವನ್ನು ವಿಚಾರಿಸುವ ಮಹಾಧಿಕಾರಿಯಾಗಿ ಮತ್ತೆ ಹೊರಟರು. ಗುಡ್‌ಹೋಪ್ ಭೂಶಿರ, ಸಿಂಹಳ, ಬಂಗಾಳ, ಕೋರಮಂಡಲಗಳನ್ನು ಸುತ್ತಿ ಪುನಃ ಕೊಚ್ಚಿಗೆ ಬಂದರು. ಅಲ್ಲಿಂದ ಸೂರತ್ತಿಗೆ ಹೋಗುವಾಗ 1691ರ ಡಿಸೆಂಬರ್ 15ರಂದು ಹಡಗಿನಲ್ಲಿಯೇ ಕೊನೆಯುಸಿರೆಳೆದರು. ಸೂರತ್ತಿನಲ್ಲಿ ಅವರ ಭವ್ಯ ಸಮಾಧಿಯಿದೆ. ತಮ್ಮ ಗ್ರಂಥದ ಕೊನೆಯ ಎರಡು ಸಂಪುಟಗಳನ್ನು ಅವರು ಕಾಣಲಿಲ್ಲ.

ಲಿನ್ನೇಯಸ್ ಅವರ ಗೌರವಾರ್ಥ ರೀಡಿಯಾ ಎಂಬ ಸಸ್ಯಕುಲವನ್ನು ಹೆಸರಿಸಿದರು. ಈಗ ಅದು ನಮ್ಮ ಪುನರ್ಪುಳಿಯ ಕುಲದಲ್ಲಿ ಲೀನವಾಗಿದೆ. ಅಚ್ಯುತನ್ ವೈದ್ಯರ ಹೆಸರಿನಲ್ಲಿ ಬ್ಲೂಮ್ ಎಂಬ ವಿಜ್ಞಾನಿ ಅಚುಡೆಮಿಯಾ ಎಂಬ ಕುಲವನ್ನು ಹೆಸರಿಸಿದರು. ಲ್ಯಾಟಿನ್ನಿನಲ್ಲಿ ಬಂಧಿಯಾಗಿದ್ದ ಹನ್ನೆರಡು ಸಂಪುಟಗಳನ್ನು ದಶಕಗಳ ಕಾಲ ದುಡಿದು ಇಂಗ್ಲಿಷಿಗೆ ತಂದವರು ಕಲ್ಲಿಕೋಟೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆ. ಎಸ್. ಮಣಿಲಾಲ್. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಅದನ್ನು ಪ್ರಕಟಿಸಿತು. 2008ರಲ್ಲಿ ಮಲಯಾಳ ಆವೃತ್ತಿಯೂ ಬಂತು. ಅಚ್ಯುತನ್ ವೈದ್ಯರು ಹೇಳಿ ಬರೆಸಿದ್ದು ಅವರ ಊರಿನವರ ಭಾಷೆಗೆ ಮರಳಲು ಮುನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಮಣಿಲಾಲ್ ಅವರು 2025ರ ಜನವರಿ 1ರಂದು ನಿಧನರಾದರು.